ಮೀನು ಸಿಕ್ಕ ಮೇಲಿನ ಗಾಳಿ

ನಾನು ಮೀನು ತಿಂದವನಲ್ಲ. ಮೊನ್ನೆಯವರೆಗೆ ಮುಟ್ಟಿದವನೂ ಅಲ್ಲ. ಆದರೆ ಡಿಸೆಂಬರಿನ ಚಳಿಯಲ್ಲಿ ಸಮುದ್ರದ ಮೀನು ಯಾವ ಹೊತ್ತಿಗೆ, ಯಾವ ಗಾಳಿಗೆ, ಯಾವ ಎರೆಗೆ ಬಾಯಿ ಹಾಕುತ್ತದೆ ಎಂದು ಚೆಟ್ಟಳ್ಳಿಯಲ್ಲಿ ಯಾರಾದರೂ ಕೇಳಬೇಕೆಂದಿದ್ದರೆ ನನ್ನನ್ನೇ ಕೇಳಬೇಕು. ಯಾರೂ ಕೇಳುವುದಿಲ್ಲ, ಆ ಮಾತು ಬೇರೆ. ಇಲ್ಲಿಂದ ಸಮುದ್ರಕ್ಕೆ ಬಸ್ಸಿನಲ್ಲಿ ಐದು ಗಂಟೆಗೂ ಮೇಲಿನ ದಾರಿ.

ನನ್ನ ಹೆಸರು ಸಿದ್ದಬಸಪ್ಪ. ಸೋಮವಾರಪೇಟೆ ಕಡೆಯವನು, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ. ಮೂವತ್ತೊಂದು ವರ್ಷ ಇಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಯಾವ ಬ್ಲಾಕಿನಲ್ಲಿ ಪಿಕಿಂಗ್ ಮುಗಿಯಿತು ಎಂದು ಬರೆದೇ ಕಣ್ಣು ಮಂಜಾಯಿತು. ಮದುವೆಯಾಗಲಿಲ್ಲ. ರಿಟೈರಾದ ಮೇಲೂ ಊರಿಗೆ ಮರಳದೆ ಬಸ್ ಸ್ಟಾಪಿನ ಎದುರು, ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲೇ ಉಳಿದೆ. ಯಾಕೆ ಹೋಗಲಿಲ್ಲ ಎಂದು ಅಕ್ಕ ಗುರುಸಿದ್ದಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ನಿಜವಾದ ಉತ್ತರ ಒಂದೇ ಸಾಲಿನದು. ಚೆಟ್ಟಳ್ಳಿಯಲ್ಲಿ ನಾಣಯ್ಯ ಇದ್ದರು.

ನಮ್ಮ ಎಸ್ಟೇಟಿನ ಬೇಲಿಯಾಚೆ ಅವರದು ಹತ್ತು ಎಕರೆ ಕಾಫಿ, ಹೆಂಚಿನ ಮನೆ, ಒಂದು ಹಳೇ ಜೀಪು. ಹುಡುಗನಾಗಿದ್ದಾಗಿನಿಂದ ಹೊಳೆಯಲ್ಲಿ ಗಾಳ ಹಾಕಿ ಬೆಳೆದ ಕೊಡವರು. ಹೊಳೆಯಲ್ಲಿ ಹಿಡಿಯುವುದಕ್ಕೆ ಕಟ್ಟುನಿಟ್ಟು ಹೆಚ್ಚಾದ ಮೇಲೆ ಘಟ್ಟ ಇಳಿದು ಸಮುದ್ರದ ದಾರಿ ಹಿಡಿದರು. ಒಂದು ಭಾನುವಾರ ಜೀಪು ನಿಲ್ಲಿಸಿ, "ರೈಟ್ರೇ, ಒಬ್ಬನೇ ಹೋಗ್ಲಿಕ್ಕೆ ಬೇಜಾರು. ಬರ್ತೀರಾ? ನೀವು ಮೀನು ಮುಟ್ಟುದು ಬೇಡ, ಸುಮ್ಮನೆ ಕೂತ್ಕೊಂಡ್ರೆ ಸಾಕು" ಎಂದರು. ಭಾನುವಾರ ಮಾಡಲು ಏನೂ ಇಲ್ಲದ ಮನುಷ್ಯ ಈ ಊರಲ್ಲಿ ನಾನೊಬ್ಬನೇ ಎಂದು ಅವರಿಗೆ ಗೊತ್ತಿತ್ತು. ಹೋದೆ. ಹಾಗೆ ಹತ್ತೊಂಬತ್ತು ಚಳಿಗಾಲ ಹೋದೆ.

ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿ ಇಲ್ಲ. ಆಫೀಸಿನಲ್ಲಿ ಉಳಿದಿದ್ದ ಒಂದು ಖಾಲಿ ಚೆಕ್‌ರೋಲ್ ಪುಸ್ತಕ ತಂದು, ಆಳುಗಳ ಹಾಜರಿ ಬರೆಯುವ ಚೌಕಗಳಲ್ಲಿ ಮೀನಿನ ಹಾಜರಿ ಬರೆಯತೊಡಗಿದೆ. ತಾರೀಕು, ತಿಥಿ, ಉಬ್ಬರ ಶುರುವಾದ ಗಂಟೆ, ನೀರಿನ ಬಣ್ಣ, ಎರೆ, ಗಾಳಿ. ನಾಣಯ್ಯ ಮೊದಲು ನಕ್ಕರು. ಮೂರನೇ ವರ್ಷದ ಹೊತ್ತಿಗೆ, "ಕಳೆದ ಸಲ ಅಮಾವಾಸ್ಯೆ ಆಗಿ ಮೂರನೇ ದಿನ ಎಂಥ ಇತ್ತು ನೋಡಿ ರೈಟ್ರೇ" ಎಂದು ಅವರೇ ಕೇಳುವಂತಾಯಿತು. ನನಗೆ ಹೆಮ್ಮೆಯೆನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಚಳಿಗಾಲದ ಸಮುದ್ರ ಕಂಡವರಿಗೇ ಗೊತ್ತು. ಬೆಳಗಿನ ಜಾವ ಘಟ್ಟದ ಕಡೆಯಿಂದ ಮೂಡಣ ಗಾಳಿ ಇಳಿದು ಅಲೆಗಳನ್ನು ಇಸ್ತ್ರಿ ಹಾಕಿದ ಹಾಗೆ ಮಲಗಿಸಿಬಿಡುತ್ತದೆ. ಮಳೆಗಾಲದ ಕೆಸರೆಲ್ಲ ತಳಕ್ಕೆ ಕೂತು ನೀರು ತಿಳಿಯಾಗಿರುತ್ತದೆ. ನೋಡಲು ಚಂದ, ಗಾಳ ಹಾಕುವವನಿಗೆ ಕಷ್ಟ. ತಿಳಿನೀರಿನಲ್ಲಿ ಮೀನಿಗೆ ದಾರ ಕಾಣುತ್ತದೆ, ಬಂಡೆಯ ಮೇಲೆ ನಿಂತವನ ನೆರಳು ಕಾಣುತ್ತದೆ. ಹಾಗಾಗಿ ತೆಳು ದಾರ, ಸಣ್ಣ ಗಾಳ, ಮಣ್ಣಿನ ಬಣ್ಣದ ಅಂಗಿ. ನಾನೊಮ್ಮೆ ಬಿಳಿ ಅಂಗಿ ಹಾಕಿಕೊಂಡು ಹೋಗಿ ಇಡೀ ದಿನ ಬೈಸಿಕೊಂಡಿದ್ದೆ. ರಾತ್ರಿ ತಣ್ಣಗಾದ ನೀರಿನಲ್ಲಿ ಮೀನಿಗೂ ಮೈ ಜಡ. ಎರೆಯ ಹಿಂದೆ ಓಡುವುದಿಲ್ಲ.

"ಚಳಿಗೆ ಮೀನು ಸಹ ನಮ್ಮ ಹಾಗೇ ರೈಟ್ರೇ," ಎನ್ನುತ್ತಿದ್ದರು ನಾಣಯ್ಯ. "ಕಂಬಳಿ ಬಿಟ್ಟು ಏಳುದಿಲ್ಲ. ಕಾಫಿ ಹಾಸಿಗೆಗೇ ಕೊಡ್ಬೇಕು."

ಹಾಸಿಗೆಗೆ ಕಾಫಿ ಕೊಡುವುದೆಂದರೆ ಜೀವಂತ ಸಿಗಡಿಯನ್ನು ಗಾಳಕ್ಕೆ ಸಿಕ್ಕಿಸಿ, ಬಂಡೆಯ ಬುಡದ ಆಳದ ಗುಂಡಿಯಲ್ಲಿ ಇಳಿಬಿಟ್ಟು, ಎಳೆಯದೆ, ಆಡಿಸದೆ, ಸುಮ್ಮನೆ ಕಾಯುವುದು. ಬಿಸಿಲು ಏರಿ ಬಂಡೆ ಬೆಚ್ಚಗಾಗಬೇಕು. ಅದೇ ಹೊತ್ತಿಗೆ ಉಬ್ಬರವೂ ಏರುತ್ತಿದ್ದರೆ, ಕಡಲ ನೀರು ಅಳಿವೆಯ ಬಾಯಿಯೊಳಗೆ ನುಗ್ಗುವಾಗ, ಗುಂಡಿಯಲ್ಲಿದ್ದ ಕೆಂಬೇರಿ ಮೇಲೆ ಬರುತ್ತದೆ. ಕೆಂಬೇರಿ ಎಂದರೆ ತಾಮ್ರದ ಬಣ್ಣದ ಮೀನು, ನಾಣಯ್ಯನಿಗೆ ಪ್ರಾಣ. ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ತಿರುಗಿ ಅಲೆ ಎದ್ದರೆ ಗಂಟುಮೂಟೆ ಕಟ್ಟುವುದು.

ಮೀನು ಬಿದ್ದ ಮೇಲೆ ನನ್ನ ಮುಖ್ಯ ಕೆಲಸ. ಮೀನು ಬಂಡೆಗೆ ಬಂದ ಕೂಡಲೇ ನಾಣಯ್ಯ, "ರೈಟ್ರೇ, ಬೇಗ, ತುದಿಗೆ ಹೋಗಿ ಗಾಳಿ ನೋಡಿ ಬನ್ನಿ" ಎನ್ನುತ್ತಿದ್ದರು. ನಾನು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ಕಡಲಿಗೆ ಚಾಚಿದ ತಡೆಗೋಡೆಯ ತುದಿಗೆ ಹೋಗಿ, ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು, ಹತ್ತು ನಿಮಿಷ ನಿಂತು, ಬಂದು ವರದಿ ಒಪ್ಪಿಸುತ್ತಿದ್ದೆ. ಅವರು ತಲೆಯಾಡಿಸಿ ಕೇಳುತ್ತಿದ್ದರು. "ಹಾಗಾದ್ರೆ ಎರೆ ಬದಲಾಯಿಸುವ" ಎಂದು ಒಮ್ಮೊಮ್ಮೆ ಬದಲಾಯಿಸುತ್ತಲೂ ಇದ್ದರು. ಅಷ್ಟರಲ್ಲಿ ಮೀನು ಥರ್ಮೋಕೋಲ್ ಪೆಟ್ಟಿಗೆ ಸೇರಿ ಮುಚ್ಚಳ ಬಿದ್ದಿರುತ್ತಿತ್ತು. ಪುಸ್ತಕದಲ್ಲಿ ಇದಕ್ಕೆಂದೇ ಒಂದು ಕಾಲಂ ಎಳೆದಿದ್ದೆ. ತಲೆಬರಹ, 'ಮೀನು ಸಿಕ್ಕ ಮೇಲಿನ ಗಾಳಿ'. ಹತ್ತೊಂಬತ್ತು ವರ್ಷಕ್ಕೆ ಇನ್ನೂರ ಹದಿನಾಲ್ಕು ದಾಖಲೆ. ಅದರಿಂದ ಒಂದು ಸಿದ್ಧಾಂತವನ್ನೇ ಕಟ್ಟಬಹುದು ಎಂದು ನಂಬಿದ್ದೆ.

ಇಷ್ಟಾದರೂ ನಾವು ಏಕವಚನಕ್ಕೆ ಇಳಿಯಲಿಲ್ಲ. ಅವರು ರೈಟ್ರೇ, ನಾನು ನಾಣಯ್ಯನೋರೇ. ಬಂಡೆಯ ಮೇಲೆ ಗಂಟೆಗಟ್ಟಲೆ ಮಾತಿಲ್ಲದೆ ಕೂರುತ್ತಿದ್ದೆವು. ಅವರಿಗೆ ಅವರ ಬಿಯರು, ನನಗೆ ನನ್ನ ಫ್ಲಾಸ್ಕಿನ ಕಾಫಿ.

ಹೋದ ಡಿಸೆಂಬರಿನಲ್ಲಿ, ಪಿಕಿಂಗ್ ಜೋರಾಗಿದ್ದಾಗ, ಕಣದಲ್ಲಿ ಕಾಫಿ ಹರಡುತ್ತಿದ್ದವರು ಹಾಗೇ ಕುಸಿದು ಹೋದರು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಕೊಡಲಿಲ್ಲ.

ಅವರ ಮನೆಯವರು ಸೂತಕದಲ್ಲಿ ಮಾಂಸ ಬಿಟ್ಟರು. ಕೊಡವರಲ್ಲಿ ಅದು ಪದ್ಧತಿ. ಹನ್ನೊಂದನೆಯ ದಿನದ ಕಾರ್ಯಕ್ಕೆ, ಮಾದ ಎನ್ನುತ್ತಾರೆ, ಎಲ್ಲರೂ ಸೇರಿ ಮತ್ತೆ ಮಾಂಸದೂಟ ಮಾಡಿದರು. ಅಲ್ಲಿಗೆ ದುಃಖಕ್ಕೆ ಒಂದು ಗಡಿ ಕಟ್ಟಿದಂತಾಯಿತು. ನಾನು ಅದೇ ಚಪ್ಪರದ ಮೂಲೆಯಲ್ಲಿ ಬಾಳೆಲೆಯ ಮುಂದೆ ಮೊಸರನ್ನ ಕಲಸುತ್ತಾ ಕೂತಿದ್ದೆ. ಬಿಡಲು ನನ್ನ ಬಳಿ ಏನಿತ್ತು? ಬಿಟ್ಟರೆ ತಾನೆ ಮತ್ತೆ ಹಿಡಿಯುವುದು? ಅವರೆಲ್ಲರ ಸೂತಕ ಆ ದಿನ ಕಳೆಯಿತು. ನನ್ನದು ಶುರುವಾಗಿದ್ದು ಯಾರಿಗೂ ಕಾಣಲಿಲ್ಲ, ಮುಗಿಸಿಕೊಡುವವರೂ ಇರಲಿಲ್ಲ. ಆ ಇಡೀ ವರ್ಷ ಭಾನುವಾರ ಬಂದರೆ ಕೋಣೆಯ ಕಿಟಕಿಯಲ್ಲಿ ಕೂತು ಜೀಪುಗಳ ಸದ್ದು ಕೇಳುತ್ತಿದ್ದೆ. ಅವರ ಜೀಪಿನ ಸದ್ದು ಬೇರೆಯೇ ಇತ್ತು. ಅದನ್ನು ಗೋಣಿಕೊಪ್ಪದ ಯಾರೋ ಕೊಂಡುಹೋದರು.

ವರ್ಷದ ದಿನ ಹತ್ತಿರವಾಯಿತು. ಆ ದಿನ ಸಂಜೆ ನಡುಮನೆಯ ದೀಪದ ಕೆಳಗೆ ಬಾಳೆಲೆ ಹಾಕಿ, ತೀರಿಹೋದವರಿಗೆ ಅವರ ಇಷ್ಟದ ಊಟ ಬಡಿಸಿ ಇಡುತ್ತಾರೆ. ಮೀದಿ ಎಂದು ಅದರ ಹೆಸರು. ನಾಣಯ್ಯನ ಹೆಂಡತಿ ಚೋಮಕ್ಕ ನನ್ನನ್ನು ಕರೆಯಲು ಬಂದವರು ಮಾತಿನ ನಡುವೆ, "ಅವರಿಗೆ ಕೆಂಬೇರಿ ಇಟ್ರೇ ಸಮಾಧಾನ. ಈಗ ಯಾರು ತರ್ತಾರೆ? ಗಾಡಿಯಲ್ಲಿ ಬರುವ ಬಂಗುಡೆ ಇಡುದು ಅಷ್ಟೆ" ಎಂದರು.

"ನಾನ್ ತತ್ತೀನಿ ಬಿಡಿ ಚೋಮಕ್ಕ," ಎಂದುಬಿಟ್ಟೆ.

ಜೊತೆಗಿದ್ದ ನಾಣಯ್ಯನ ತಮ್ಮ ಗಟ್ಟಿಯಾಗಿ ನಕ್ಕ. "ರೈಟ್ರು ಮೀನು ಹಿಡಿಯುದಾ? ಬೆಕ್ಕು ಕಾಶಿಗೆ ಹೋದ ಹಾಗೆ ಆಯ್ತು!"

ಆ ನಗುವಿಗೆ ನಾನು ಪಟ್ಟು ಹಿಡಿದೆ. ಮಂಗಳೂರಿನ ಮಾರ್ಕೆಟಿನಲ್ಲಿ ಕೊಂಡು ತಂದಿದ್ದರೆ ಯಾರಿಗೆ ತಿಳಿಯುತ್ತಿತ್ತು? ನನಗೆ ತಿಳಿಯುತ್ತಿತ್ತು. ಕೊಂಡ ಮೀನು ನಾಣಯ್ಯನ ಮೀನಾಗುವುದಿಲ್ಲ. ನನ್ನ ಕೈಯಿಂದ ಅವರಿಗೆ ಒಂದೇ ಒಂದು ಕೆಲಸ ಆಗಬೇಕಿತ್ತು, ಅದು ಆ ದಿನವೇ ಆಗಬೇಕಿತ್ತು. ಸುದ್ದಿ ಅದು ಹೇಗೋ ಸೋಮವಾರಪೇಟೆ ಮುಟ್ಟಿತು. ಗುರುಸಿದ್ದಕ್ಕ ಫೋನ್ ಮಾಡಿದಳು.

"ಲಿಂಗ ಕಟ್ಕಂಡೋನು ಅರವತ್ಮೂರನೇ ವಯಸ್ನಾಗೆ ಮೀನಿನ ಹಿಂದೆ ಹೋಯ್ತಿಯೇನೋ? ಅವ್ವ ಇದ್ದಿದ್ರೆ ಏನಂದಿರೋಳು?"

"ಅವ್ವಂಗೂ ಒಬ್ಳು ಗೆಳತಿ ಇದ್ದಿದ್ರೆ ಗೊತ್ತಾಗಿರೋದು," ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಕೆಟ್ಟದೆನಿಸಿತು. ಮತ್ತೆ ಮಾಡಲಿಲ್ಲ.

ವರ್ಷದ ದಿನದ ಹಿಂದಿನ ಮಧ್ಯಾಹ್ನ ಚೋಮಕ್ಕ ಕೊಟ್ಟ ನಾಣಯ್ಯನ ಗಾಳದ ರಾಡು, ರೀಲುಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಥರ್ಮೋಕೋಲ್ ಪೆಟ್ಟಿಗೆಯನ್ನೂ ಹೊರಗೆ ತೆಗೆದಿಟ್ಟಿದ್ದರು, ನಾನು ಬಿಟ್ಟುಬಂದೆ. ನಾಣಯ್ಯ ಮಂಗಳೂರಿನಲ್ಲಿ ಐಸು ಹಾಕಿಸುತ್ತಿದ್ದುದು ಬಿಯರಿಗೆ ಎಂದು ನನಗೆ ಗೊತ್ತಿತ್ತು. ಬಿಯರು ಕುಡಿಯದವನಿಗೆ ಆ ಹೊರೆ ಯಾಕೆ? ಮೂಲ್ಕಿಯಲ್ಲಿ ಒಂದು ಲಾಡ್ಜಿನಲ್ಲಿ ಮಲಗಿ, ಬೆಳಕು ಹರಿಯುವ ಹೊತ್ತಿಗೆ ಅಳಿವೆಯ ಬಳಿಯ ನಮ್ಮ ಬಂಡೆಯ ಮೇಲಿದ್ದೆ.

ಎಲ್ಲವೂ ಪುಸ್ತಕದಲ್ಲಿ ಬರೆದ ಹಾಗೇ ಇತ್ತು. ಮೂಡಣ ಗಾಳಿ, ತಿಳಿನೀರು, ಏಳೂವರೆಗೆ ಉಬ್ಬರದ ಶುರು. ಒಂದು ಜಾಗ ಮಾತ್ರ ಖಾಲಿ. ನಾಣಯ್ಯ ಕೂರುತ್ತಿದ್ದ ಚಪ್ಪಟೆ ಕಲ್ಲಿನ ಮೇಲೆ ಏಡಿಯೊಂದು ಬಿಸಿಲಿಗೆ ಮೈ ಕಾಯಿಸುತ್ತಿತ್ತು. ನಾನು ನನ್ನ ಕಲ್ಲಿನ ಮೇಲೇ ಕೂತೆ. ಅವರ ಕಲ್ಲಿನ ಮೇಲೆ ಕೂರಲು ಮನಸ್ಸು ಬರಲಿಲ್ಲ.

ಲಿಂಗದ ಬೆಳ್ಳಿ ಕರಡಿಗೆಯನ್ನು ಬನಿಯನ್ನಿನ ಒಳಗೆ ಸರಿಸಿ ಅಂಗಿಗೆ ಮೇಲಿನವರೆಗೆ ಗುಂಡಿ ಹಾಕಿಕೊಂಡೆ, ಲಿಂಗಕ್ಕೆ ಇದು ಕಾಣದಿರಲಿ ಎಂದು. ದಡದ ಬೆಸ್ತರಿಂದ ಕೊಂಡ ಜೀವಂತ ಸಿಗಡಿಗಳಲ್ಲಿ ಮೊದಲನೆಯದು ನನ್ನ ಬೆರಳ ನಡುವೆ ಒದ್ದಾಡಿತು. ಕರ್ಚೀಫಿನಲ್ಲಿ ಹಿಡಿದು ಕಣ್ಣು ಅರೆಮುಚ್ಚಿ ಗಾಳಕ್ಕೆ ಸಿಕ್ಕಿಸಿದೆ. ಎಸೆದದ್ದು ನನ್ನ ಕಾಲ ಬುಡದಲ್ಲೇ ಬಿತ್ತು. ಹತ್ತೊಂಬತ್ತು ವರ್ಷ ನೋಡಿದ್ದು ಕೈಗೆ ಬಂದಿರಲಿಲ್ಲ. ಎರಡು ಸಲ ಬಂಡೆಗೆ ಸಿಕ್ಕಿ ದಾರ ಹರಿಯಿತು. ಅವಸರ ಮಾಡಿ ಎಳೆದು ಒಂದು ಮೀನು ತಪ್ಪಿತು. ಬೆರಳು ಚಳಿಗೆ ಮರಗಟ್ಟಿ ಗಂಟು ಹಾಕಲು ಬರುತ್ತಿರಲಿಲ್ಲ. "ಹಾಸಿಗೆಗೇ ಕೊಡ್ಬೇಕು" ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಕೇಳಲು ಏಡಿಯೂ ಇರಲಿಲ್ಲ, ಅದಾಗಲೇ ಎದ್ದು ಹೋಗಿತ್ತು. ಕೊನೆಗೆ ಎಸೆಯುವುದನ್ನೇ ಬಿಟ್ಟೆ. ಬಂಡೆಯ ಅಂಚಿಗೆ ಮಂಡಿಯೂರಿ, ಬಾವಿಗೆ ಕೊಡ ಇಳಿಸುವ ಹಾಗೆ ಎರೆಯನ್ನು ನೇರ ಗುಂಡಿಗೆ ಇಳಿಸಿದೆ. ಬಿಸಿಲು ಬೆನ್ನಿಗೆ ಹತ್ತುವವರೆಗೂ ಕದಲಲಿಲ್ಲ.

ಒಂಬತ್ತೂಕಾಲಕ್ಕೆ ರಾಡು ಬಾಗಿತು.

ಹೇಗೆ ಎಳೆದೆ ಎಂದು ನನಗೆ ನೆನಪಿಲ್ಲ. ಅಂಗೈ ಕೊಯ್ದುಕೊಂಡಿತ್ತು, ಮಂಡಿ ತರಚಿತ್ತು. ಮೀನು ಬಂಡೆಯ ಮೇಲೆ ಬಂದಾಗ ಮೊಳಕೈಯುದ್ದವಿತ್ತು, ತಾಮ್ರದ ತಂಬಿಗೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿದ ಬಣ್ಣ. ಟವೆಲಿನಲ್ಲಿ ಹಿಡಿದು ಗಾಳ ಬಿಡಿಸಿದೆ. ಅದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. "ನಾಣಯ್ಯನೋರೇ" ಎಂದೆ. ಅಳು ಬಂತು. ಅತ್ತೆ.

ಆಮೇಲೆ ಕಣ್ಣೊರೆಸಿಕೊಂಡು, ಕ್ರಮ ತಪ್ಪಬಾರದೆಂದು, ತುದಿಗೆ ಹೋಗಿ ಗಾಳಿ ನೋಡಿದೆ. ಬೆರಳು ಎತ್ತಿ ಹತ್ತು ನಿಮಿಷ ನಿಂತೆ. ಮೂಡಣ, ಮಂದ. ಹಿಂದಿರುಗುವಾಗ ಮೀನು ಸುಮ್ಮನಾಗಿತ್ತು. ಯಾವಾಗಲೂ ಹಾಗೇ ಆಗುತ್ತಿತ್ತು, ನಾನು ಬರುವಷ್ಟರಲ್ಲಿ ಎಲ್ಲ ಸುಮ್ಮನಾಗಿರುತ್ತಿತ್ತು.

ಸೊಪ್ಪು ಬಾಡದಿರಲು ಅವ್ವ ಮಾಡುತ್ತಿದ್ದ ಹಾಗೆ ಮೀನನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಬಾಳೆಲೆಯಲ್ಲಿ ಕಟ್ಟಿ ಚೀಲಕ್ಕೆ ಹಾಕಿದೆ. ಬಸ್ಸಿನಲ್ಲಿ ಪಕ್ಕದವನು ಮೂಗು ಮುಚ್ಚಿಕೊಂಡು ಹಿಂದಿನ ಸೀಟಿಗೆ ಹೋದ. ಹೋಗಲಿ ಬಿಡಿ, ಮೀನೆಂದರೆ ನಾತವೇ ತಾನೆ, ನನಗೆ ಎಲ್ಲ ಮೀನೂ ಒಂದೇ ನಾತ. ಸುಳ್ಯದಲ್ಲಿ ಒಮ್ಮೆ, ಸಂಪಾಜೆಯಲ್ಲಿ ಒಮ್ಮೆ ಬಾಟಲಿಯ ನೀರು ಚಿಮುಕಿಸಿದೆ. ಘಟ್ಟ ಹತ್ತುತ್ತಿದ್ದಂತೆ ಚಳಿ ಶುರುವಾಯಿತು. ಇಡೀ ವರ್ಷದಲ್ಲಿ ಅಷ್ಟು ಸಮಾಧಾನದಿಂದ ಕೂತದ್ದು ನನಗೆ ನೆನಪಿಲ್ಲ.

ಐದು ಗಂಟೆಗೆ ನಾಣಯ್ಯನ ಮನೆ ಸೇರಿದೆ. ಜಗಲಿಯಲ್ಲಿದ್ದ ನೆಂಟರ ಮುಂದೆ ಚೀಲವನ್ನು ಸ್ವಲ್ಪ ಎತ್ತಿಯೇ ಹಿಡಿದು ನಡೆದೆ, ಅಂದು ನಕ್ಕಿದ್ದ ತಮ್ಮನಿಗೆ ಕಾಣಲಿ ಎಂದು. ಹಿತ್ತಲಿನ ನಲ್ಲಿಯ ಬಳಿ ಚೋಮಕ್ಕನ ಮುಂದಿಟ್ಟೆ. ಅವರು ಬಾಳೆಲೆ ಬಿಚ್ಚಿ, ಟವೆಲು ಬಿಡಿಸಿ, ಮೀನಿನ ಹೊಟ್ಟೆಯ ಮೇಲೆ ಬೆರಳಿಟ್ಟರು. ಬೆರಳು ಒಳಗೆ ಹೋಯಿತು.

"ರೈಟ್ರೇ, ಇದ್ರ ಹೊಟ್ಟೆ ತೆಗೀಲಿಲ್ವಾ?"

"ಹೊಟ್ಟೆ ಯಾಕ್ ತೆಗೀಬೇಕು?"

"ಐಸ್ ಸಹ ಹಾಕ್ಲಿಲ್ಲ?"

"ಐಸು ಬಿಯರಿಗಲ್ವ ಚೋಮಕ್ಕ?"

ಅವರು ನನ್ನನ್ನೇ ನೋಡಿದರು. ಆ ನೋಟದಲ್ಲೇ ನನಗೆ ಗೊತ್ತಾಯಿತು. ಮೀನು ಕೆಟ್ಟಿತ್ತು. ನಾನು ಕೈಯಾರೆ ಹಿಡಿದು, ಕೈಯಾರೆ ಕೆಡಿಸಿ, ಐದಾರು ಗಂಟೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ.

"ಮೀನು ಸಿಕ್ಕಿದ ಮೇಲೆ ಎಂಥ ಮಾಡಿದ್ರಿ?" ಎಂದು ಮೆಲ್ಲನೆ ಕೇಳಿದರು.

"ಇನ್ನೇನ್ ಮಾಡ್ಲಿ? ನಾಣಯ್ಯನೋರು ಹೇಳ್ತಿದ್ದಂಗೇ ತುದಿಗೋಗಿ ಗಾಳಿ ನೋಡ್ಕಂಡ್ ಬಂದೆ."

ಚೋಮಕ್ಕ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ನಗುತ್ತಾರೆ ಎಂದುಕೊಂಡೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ನಗು ಬರಲಿಲ್ಲ.

"ಮೊದಲ ಸಲ ನೀವು ಹೋದಾಗ ಅವರು ಮೀನಿಗೆ ಕತ್ತಿ ಹಾಕಿದ್ರಂತೆ. ನೀವು ಕಣ್ಣು ಮುಚ್ಚಿ ಲಿಂಗ ಹಿಡ್ಕೊಂಡ್ರಂತೆ. ಆ ದಿನ ಮನೆಗೆ ಬಂದು ಊಟ ಸಹ ಸರಿ ಮಾಡ್ಲಿಲ್ಲ ಅವರು. 'ಇನ್ನು ರೈಟ್ರು ಬರುದಿಲ್ಲ ಚೋಮಿ, ಪಾಪ ಹೆದರಿದ್ರು' ಅಂತ ಹೇಳಿದ್ದೇ ಹೇಳಿದ್ದು. ಆಮೇಲೆ ಅವರೇ ಈ ಉಪಾಯ ಮಾಡಿದ್ದು. ನೀವು ತುದಿಗೆ ಹೋಗಿ ಬರುವಷ್ಟರಲ್ಲಿ ತಲೆಗೆ ಹೊಡ್ದು, ಹೊಟ್ಟೆ ತೆಗ್ದು, ಕಲ್ಲು ತೊಳ್ದು, ಐಸಿಗೆ ಹಾಕುದು. ರಕ್ತ ಒಂದು ಹನಿ ಕಾಣ್ಬಾರ್ದು ಅಂತ ಬೇರೆ ಒಂದು ಬಟ್ಟೆ ಇಟ್ಕೊಂಡಿದ್ರು."

"ಮತ್ತೆ ಎರೆ ಬದಲಾಯಿಸ್ತಿದ್ರಲ್ಲ? ನಾನ್ ಹೇಳಿದ್ ಗಾಳಿ ಕೇಳಿ?"

"ಬದಲಾಯಿಸದಿದ್ರೆ ನಿಮಗೆ ಗೊತ್ತಾಗುದಿಲ್ವಾ ರೈಟ್ರೇ? ನೀವು ಬರುದು ನಿಲ್ಸಿದ್ರೆ ಯಾರ ಜೊತೆ ಹೋಗುದು ಅಂತ ಅವರಿಗೆ ಹೆದರಿಕೆ."

ಇನ್ನೂರ ಹದಿನಾಲ್ಕು ಗಾಳಿ. ಒಂದೊಂದನ್ನೂ ದುಂಡಗೆ ಬರೆದಿದ್ದೆ. ಈ ಭೂಮಿಯ ಮೇಲೆ ಒಂಟಿ ನಾನೊಬ್ಬನೇ, ನಾಣಯ್ಯ ನನ್ನ ಮೇಲಿನ ಕನಿಕರಕ್ಕೆ ಕರೆದುಕೊಂಡು ಹೋಗುತ್ತಾರೆ ಎಂದು ಒಳಗೊಳಗೇ ಕುದಿದ ದಿನಗಳೂ ಇದ್ದವು. ಆ ಮನುಷ್ಯ ನಾನು ಬೆರಳೆತ್ತಿ ನಿಂತ ಹತ್ತು ನಿಮಿಷದಲ್ಲಿ ಅವಸರದಿಂದ ಕಲ್ಲು ತೊಳೆಯುತ್ತಿದ್ದರು. ಬದುಕಿದ್ದಾಗ ಒಂದು ಮಾತು ಹೇಳಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಅವರ ಮೇಲೆ ಸಿಟ್ಟು ಬಂತು. ಸಿಟ್ಟು ಮಾಡಿಕೊಳ್ಳಲು ಅವರಿಲ್ಲ ಎನ್ನುವುದು ಅದರ ಹಿಂದೆಯೇ ಬಂತು.

"ಎಸೆದ್ಬಿಡಿ ಚೋಮಕ್ಕ," ಎಂದೆ. "ಬಂಗುಡೆನೇ ಇಡಿ."

ಅವರು ಮೀನನ್ನು ಮಗುಚಿ ಒತ್ತಿ ಒತ್ತಿ ನೋಡಿದರು. "ಹೊಟ್ಟೆ ಹೋಗಿದೆ. ಬಾಲದ ಕಡೆ ಗಟ್ಟಿ ಉಂಟು. ಮೇಲೆ ಹತ್ತಿದ ಮೇಲೆ ಚಳಿ ಅಲ್ವಾ, ಅದಕ್ಕೆ ಅಷ್ಟು ಉಳ್ದದ್ದು. ಮೀದಿಗೆ ಒಂದು ತುಂಡು ಸಾಕು."

ಒಳಗೆ ಹೋಗಿ ಕತ್ತಿ, ಮಣೆ ತಂದರು. ನಲ್ಲಿ ತಿರುಗಿಸಿದರು. ಕತ್ತಿಯನ್ನು ಮೀನಿನ ಮೇಲೆ ಇಡುವ ಮೊದಲು ನನ್ನ ಮುಖ ನೋಡಿ ಕೈ ನಿಲ್ಲಿಸಿದರು. ಅವರ ದನಿ ಮೃದುವಾಗಿತ್ತು.

"ರೈಟ್ರೇ, ನೀವು ಅಂಗಳಕ್ಕೆ ಹೋಗಿ ಗಾಳಿ ನೋಡಿ ಬನ್ನಿ."

ನಾನು ಅವರೆದುರು ಮಣೆಯ ಬಳಿ ಕುಕ್ಕರಗಾಲಿನಲ್ಲಿ ಕೂತೆ. ಅಂಗಿಯ ತೋಳು ಮೇಲಕ್ಕೆ ಮಡಚಿದೆ.

"ಗಾಳಿ ಇಲ್ಲ ಚೋಮಕ್ಕ," ಎಂದೆ. "ಬಾಲ ನಾನ್ ಹಿಡ್ಕಂತೀನಿ, ನೀವ್ ಕುಯ್ರಿ."